ಡೆಂಗ್ಯೂ, ಚಿಕನ್‌ಪಾಕ್ಸ್ ಲಸಿಕೆ, ನಡುವೆ ಸಿಕ್ಕಿಬಿದ್ದ ನನ್ನ ಟಿಬಿ ಪರೀಕ್ಷೆ

ಕಳೆದ ಭಾನುವಾರ ರಾತ್ರಿ ಊಟ ಮುಗಿಸಿ ಕೊನೆಯ ಕಂತಿನ ಟಿಬಿ ಮಾತ್ರೆ ನುಂಗಿದೆ. ನನಗೆ ಟಿಬಿ ಕಾಯಿಲೆ ಇರಲಿಲ್ಲ, ಈಗಲೂ ಇಲ್ಲ. ಹಾಗಾದರೆ ಮಾತ್ರೆ ಯಾಕೆ ಅಂತ ಕೇಳದವರೇ ಇಲ್ಲ. ಅದಕ್ಕೆ ಉತ್ತರ ಹೇಳಬೇಕು ಅಂದರೆ 2024ರ ಜುಲೈನಿಂದ ಶುರು ಮಾಡಬೇಕು. ವಾತದಂಥ ಕಾಯಿಲೆಗೆ ಕೊಡುವ, ದೇಹದ ರೋಗನಿರೋಧಕ ಶಕ್ತಿಯ ಒಂದು ಭಾಗವನ್ನು ತಡೆಯುವ ಬಯಾಲಾಜಿಕ್ ಇಂಜೆಕ್ಷನ್ ತೆಗೆದುಕೊಳ್ಳುವ ಮುಂಚೆ ಟಿಬಿ ಪರೀಕ್ಷೆ ಮಾಡಿಸಿ ಅಂತ ಯಾರಿಗಾದರೂ ಚೀಟಿ ಬರೆದುಕೊಟ್ಟಿದ್ದರೆ, ಅದೇ ಹೊತ್ತಿಗೆ ಜ್ವರ ಬಂದಿದ್ದರೆ ಅಥವಾ ಲಸಿಕೆ ಹಾಕಿಸಬೇಕಾಗಿದ್ದರೆ, ಈ ಬರಹ ಅವರಿಗಾಗಿ. ನಾನು ವೈದ್ಯನಲ್ಲ. ನನ್ನ ವೈದ್ಯರು ಹೇಳಿದ್ದು, ನಾನು ಓದಿಕೊಂಡದ್ದು, ನನಗೆ ಆದದ್ದು, ಇಷ್ಟೇ ಇಲ್ಲಿದೆ.

ನನ್ನದು ಬೆನ್ನುಮೂಳೆಯ ವಾತ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನುತ್ತಾರೆ. ಬೆಳಗ್ಗೆ ಎದ್ದರೆ ಸೊಂಟ ಬಗ್ಗುವುದಿಲ್ಲ, ಓಡಾಡಿದರೆ ಸಡಿಲ ಆಗುತ್ತದೆ, ಕೂತರೆ ಮತ್ತೆ ಬಿಗಿ. ವರ್ಷಗಟ್ಟಲೆ ನೋವಿನ ಮಾತ್ರೆಯಲ್ಲೇ ತಳ್ಳಿದೆ. ಮಾತ್ರೆ ಬದಲಾಯಿಸಿ ನೋಡಿದರು, ವ್ಯಾಯಾಮ ಹೇಳಿಕೊಟ್ಟರು. ಕೊನೆಗೆ ಬೆಂಗಳೂರಿನ ನನ್ನ ರುಮಟಾಲಜಿಸ್ಟ್ (ವಾತದ ತಜ್ಞ ವೈದ್ಯರು), "ಇನ್ನು ಅಡಾಲಿಮ್ಯುಮ್ಯಾಬ್ ಅನ್ನೋ ಬಯಾಲಾಜಿಕ್ ಶುರು ಮಾಡೋಣ, ಹದಿನೈದು ದಿನಕ್ಕೊಂದು ಇಂಜೆಕ್ಷನ್" ಅಂದರು. ಖುಷಿಯಾಯಿತು. ಮುಂದಿನ ವಾರವೇ ಹಾಕಿಸಿಕೊಳ್ಳಬಹುದು ಅಂದುಕೊಂಡು ರಜೆ ಲೆಕ್ಕ ಹಾಕಿದೆ. ಆಮೇಲೆ ಅವರು ಪರೀಕ್ಷೆಗಳ ಉದ್ದನೆ ಚೀಟಿ ಬರೆದರು. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ, ಲಿವರ್, ಎದೆ ಎಕ್ಸ್‌ರೇ, ಟಿಬಿ ಸೋಂಕು ಹುಡುಕುವ ಟಿಬಿ ಗೋಲ್ಡ್ ಅನ್ನುವ ರಕ್ತಪರೀಕ್ಷೆ.

ಟಿಬಿ ಯಾಕೆ ಅಂತ ಕೇಳಿದೆ. ಅವರು ತಾಳ್ಮೆಯಿಂದ ಹೇಳಿದರು. ನಮ್ಮ ದೇಶದಲ್ಲಿ ತುಂಬ ಜನರ ಮೈಯಲ್ಲಿ ಟಿಬಿ ರೋಗಾಣು ಇರುತ್ತದೆ, ಆದರೆ ಮಲಗಿರುತ್ತದೆ. ಕೆಮ್ಮಿಲ್ಲ, ಜ್ವರ ಇಲ್ಲ, ಬೇರೆಯವರಿಗೆ ಹರಡುವುದೂ ಇಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದವರಲ್ಲಿ ಸುಮಾರು ಶೇ. 31 ಜನರಿಗೆ ಈ ಸೋಂಕು ಕಂಡಿತ್ತು. ಅಂದರೆ ಬಸ್ಸಿನಲ್ಲಿ ಒಂದು ಸೀಟಿನಲ್ಲಿ ಕೂತ ಮೂವರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ. ದೇಹ ಆ ರೋಗಾಣುವಿನ ಸುತ್ತ ಕೋಟೆ ಕಟ್ಟಿ ಕೂರಿಸಿರುತ್ತದೆ. ಆ ಕೋಟೆ ನಿಲ್ಲಲು ಟಿಎನ್‌ಎಫ್ ಅನ್ನುವ ವಸ್ತು ಬೇಕು. ನನ್ನ ಬೆನ್ನು ಉರಿಯುವುದಕ್ಕೂ ಅದೇ ಟಿಎನ್‌ಎಫ್ ಕಾರಣ, ಇಂಜೆಕ್ಷನ್ ತಡೆಯುವುದೂ ಅದನ್ನೇ. ಬೆನ್ನು ತಣ್ಣಗಾಗುತ್ತದೆ, ಕೋಟೆ ಬಿರುಕು ಬಿಡಬಹುದು. 2001ರಲ್ಲಿ ಇದೇ ಜಾತಿಯ ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಂಡ 70 ಜನರಿಗೆ ಟಿಬಿ ಬಂದ ವರದಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಮೇಲಿಂದ ಈ ಪರೀಕ್ಷೆ ಇಲ್ಲದೆ ಇಂಜೆಕ್ಷನ್ ಇಲ್ಲ.

ನಮ್ಮ ದೊಡ್ಡಪ್ಪ ಕೆಮ್ಮುತ್ತಲೇ ಹೋದವರು. ಚಿಕ್ಕವನಿದ್ದಾಗ ಅವರ ಪಕ್ಕದಲ್ಲೇ ಮಲಗುತ್ತಿದ್ದೆ. ಇದನ್ನು ವೈದ್ಯರಿಗೆ ಹೇಳಿದೆ. ಅವರು ಫೈಲಿನಲ್ಲಿ ಬರೆದುಕೊಂಡರು. ಅದು ಆಮೇಲೆ ಕೆಲಸಕ್ಕೆ ಬಂತು.

ಚೀಟಿ ಜೇಬಿನಲ್ಲಿತ್ತು, ಅಷ್ಟರಲ್ಲಿ ಡೆಂಗ್ಯೂ ಬಂತು. ಆ ವರ್ಷ ಬೆಂಗಳೂರಿನಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ನಮ್ಮ ಬೀದಿಯಲ್ಲಿ ಮನೆಗೊಬ್ಬರು ಮಲಗಿದ್ದರು. ಸರ್ಕಾರ ಆ ಜುಲೈನಲ್ಲಿ ಡೆಂಗ್ಯೂ ಎಲಿಸಾ ಪರೀಕ್ಷೆಗೆ 300 ರೂಪಾಯಿ ದರ ಕಟ್ಟಿತು, ಸೆಪ್ಟೆಂಬರಿನಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತು. ನನಗೆ ಎನ್‌ಎಸ್‌1 ಅನ್ನುವ ಡೆಂಗ್ಯೂ ಪರೀಕ್ಷೆ ಪಾಸಿಟಿವ್. ಜ್ವರಕ್ಕಿಂತ ನನಗೆ ಕಷ್ಟ ಆದದ್ದು ಬೇರೆ. ಡೆಂಗ್ಯೂನಲ್ಲಿ ರಕ್ತಸ್ರಾವದ ಭಯ ಇರುವುದರಿಂದ ನನ್ನ ಬೆನ್ನಿನ ನೋವಿನ ಮಾತ್ರೆ ಪೂರ್ತಿ ನಿಲ್ಲಿಸಿಬಿಟ್ಟರು. ಬರೀ ಪ್ಯಾರಾಸಿಟಮಾಲ್. ಡೆಂಗ್ಯೂ ಮೈಕೈ ನೋವು, ಮೇಲೆ ನನ್ನ ಹಳೆ ಬೆನ್ನು ನೋವು. ಹಾಸಿಗೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಕಣ್ಣಲ್ಲಿ ನೀರು. ವಾತಕ್ಕೆ ಮಾತ್ರೆ ತೆಗೆದುಕೊಳ್ಳುವವರು ಜ್ವರ ಬಂದ ಕೂಡಲೇ ವೈದ್ಯರಿಗೆ ಫೋನ್ ಮಾಡಿ ಕೇಳಿ, ಮಾತ್ರೆ ಮುಂದುವರಿಸಬೇಕೋ ಬೇಡವೋ ಅಂತ.

ಪ್ಲೇಟ್‌ಲೆಟ್ ಇಳಿಯಿತು, ಮತ್ತೆ ಏರಿತು. ಎಲ್ಲರೂ ಪ್ಲೇಟ್‌ಲೆಟ್ ಒಂದನ್ನೇ ನೋಡುತ್ತಾರೆ. ಅದೇ ಹಾಳೆಯಲ್ಲಿ ಬಿಳಿ ರಕ್ತಕಣ 2,400 ಅಂತ ಇತ್ತು. ಸಾಮಾನ್ಯವಾಗಿ ಕಡಿಮೆ ಅಂದರೂ 4,000 ಇರಬೇಕು. ಆಗ ನನಗೆ ಅದರ ಅರ್ಥ ಗೊತ್ತಿರಲಿಲ್ಲ, ಯಾರೂ ಹೇಳಲೂ ಇಲ್ಲ.

ಜ್ವರ ಬಿಟ್ಟ ಮೇಲೆ ಕಾಲು ನೆಲದ ಮೇಲೆ ನಿಂತ ಕೂಡಲೇ ಟಿಬಿ ಗೋಲ್ಡ್ ಕೊಡಲು ಹೋದೆ. ರುಮಟಾಲಜಿಸ್ಟ್ ಅಪಾಯಿಂಟ್‌ಮೆಂಟ್ ಮೊದಲೇ ಬುಕ್ ಆಗಿತ್ತು, ತಪ್ಪಿಸಿಕೊಂಡರೆ ಮತ್ತೆ ವಾರಗಟ್ಟಲೆ ಸಿಗುವುದಿಲ್ಲ. ಲ್ಯಾಬಿನಲ್ಲಿ 2,600 ರೂಪಾಯಿ ಕಟ್ಟಿಸಿಕೊಂಡರು. ಮುಚ್ಚಳದ ಬಣ್ಣ ಬೇರೆ ಬೇರೆ ಇರುವ ನಾಲ್ಕು ಪುಟ್ಟ ಟ್ಯೂಬ್. ಬೂದು, ಹಸಿರು, ಹಳದಿ, ನೇರಳೆ. ಒಂದೊಂದಕ್ಕೂ ಬರೀ 1 ಮಿಲಿ ರಕ್ತ. ರಕ್ತ ತೆಗೆದ ಹುಡುಗಿ ಪ್ರತಿ ಟ್ಯೂಬನ್ನೂ ಹತ್ತು ಸಲ ಮೇಲೆ ಕೆಳಗೆ ಅಲ್ಲಾಡಿಸಿದಳು. ಇದೇನು ಹೀಗೆ ಅಂತ ಕೇಳಿದೆ. "ಟ್ಯೂಬ್ ಒಳಗೋಡೆಗೆ ಔಷಧ ಬಳಿದಿರುತ್ತೆ ಸರ್, ರಕ್ತಕ್ಕೆ ಸರಿಯಾಗಿ ತಾಗಬೇಕು" ಅಂದಳು.

ಈ ನಾಲ್ಕು ಟ್ಯೂಬಿನ ಲೆಕ್ಕ ಗೊತ್ತಿದ್ದರೆ ನನ್ನ ಮುಂದಿನ ಕಥೆ ಅರ್ಥವಾಗುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಸಿರು ಮತ್ತು ಹಳದಿ ಟ್ಯೂಬಿನಲ್ಲಿ ಟಿಬಿ ರೋಗಾಣುವಿನ ಪ್ರೋಟೀನಿನ ತುಣುಕುಗಳಿರುತ್ತವೆ. ನಮ್ಮ ರಕ್ತದ ಟಿ ಕಣಗಳು (ಬಿಳಿ ರಕ್ತಕಣಗಳಲ್ಲೇ ಒಂದು ಜಾತಿ) ಮುಂಚೆ ಟಿಬಿಯನ್ನು ಕಂಡಿದ್ದರೆ ಗುರುತು ಹಿಡಿದು ಇಂಟರ್‌ಫೆರಾನ್ ಗಾಮಾ ಅನ್ನುವ ವಸ್ತು ಬಿಡುಗಡೆ ಮಾಡುತ್ತವೆ. ಟ್ಯೂಬನ್ನು ಇಂಕ್ಯುಬೇಟರ್ ಅನ್ನುವ ಬೆಚ್ಚಗಿನ ಪೆಟ್ಟಿಗೆಯಲ್ಲಿ 37 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಟ್ಟು, ಆಮೇಲೆ ಅದೆಷ್ಟಿದೆ ಅಂತ ಅಳೆಯುತ್ತಾರೆ. ಬೂದು ಟ್ಯೂಬಿನಲ್ಲಿ ಏನೂ ಇರುವುದಿಲ್ಲ, ಸುಮ್ನೆ ಇದ್ದಾಗ ಎಷ್ಟಿರುತ್ತದೆ ಅಂತ ನೋಡಲು. ಅದನ್ನು ಕಳೆದ ಮೇಲೆ 0.35 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಪಾಸಿಟಿವ್ ಕಡೆಗೆ. ಉಳಿದದ್ದು ನೇರಳೆ. ಅದಕ್ಕೆ ಮೈಟೋಜೆನ್ ಟ್ಯೂಬ್ ಅಂತ ಹೆಸರು. ಅದರಲ್ಲಿರುವ ಔಷಧಕ್ಕೆ ಟಿಬಿ ಇರಲಿ ಬಿಡಲಿ, ಟಿ ಕಣ ಆರೋಗ್ಯವಾಗಿದ್ದರೆ ಜೋರಾಗಿ ಸ್ಪಂದಿಸಲೇಬೇಕು. ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ. ಹಾಜರಿಗೇ ಯಾರೂ ಉತ್ತರ ಕೊಡಲಿಲ್ಲ ಅಂದರೆ ಪಾಠ ಗೊತ್ತಿಲ್ಲ ಅಂತ ತೀರ್ಮಾನ ಮಾಡುವ ಹಾಗಿಲ್ಲ, ಅಲ್ವಾ?

ರಿಪೋರ್ಟ್ ವಾಟ್ಸ್‌ಆಪಿಗೆ ಬಂತು. ಮೇಲೆ ದಪ್ಪ ಅಕ್ಷರದಲ್ಲಿ ಇಂಡಿಟರ್ಮಿನೇಟ್, ಅಂದರೆ ತೀರ್ಮಾನ ಆಗಿಲ್ಲ ಅಂತ. ಕೆಳಗೆ ಸಂಖ್ಯೆಗಳು. ಬೂದು 0.06. ಹಸಿರಿನಲ್ಲಿ ಬೂದು ಕಳೆದರೆ 0.02, ಹಳದಿಯಲ್ಲಿ 0.03. ನೇರಳೆ 0.31.

ನನ್ನ ಹೆಂಡತಿ ಹಸಿರು, ಹಳದಿ ಸಾಲು ನೋಡಿ, "ರೀ, ಸೊನ್ನೆ ಹತ್ತಿರ ಇದೆಯಲ್ಲ, ಏನೂ ಇಲ್ಲ ಬಿಡಿ" ಅಂದಳು. ನನಗೂ ಹಾಗೇ ಅನ್ನಿಸಿತು. ಲ್ಯಾಬಿಗೆ ಫೋನ್ ಮಾಡಿದರೆ ಕೌಂಟರಿನವರು, "ನೆಗೆಟಿವ್ ಥರಾನೇ ಸರ್, ಡಾಕ್ಟರಿಗೆ ತೋರಿಸಿ" ಅಂದರು. ಈ 'ನೆಗೆಟಿವ್ ಥರಾನೇ' ಅನ್ನುವ ಮಾತು ಎಷ್ಟು ಅಪಾಯ ಅಂತ ಈಗ ಗೊತ್ತಾಗುತ್ತಿದೆ. ಇದನ್ನು ನೆಗೆಟಿವ್ ಅಂತ ಹಿಡಿದಿದ್ದರೆ ಆ ವಾರವೇ ನನಗೆ ಇಂಜೆಕ್ಷನ್ ಬೀಳುತ್ತಿತ್ತು.

ರುಮಟಾಲಜಿಸ್ಟ್ ಮೊದಲು ನೋಡಿದ್ದೇ ನೇರಳೆ ಸಾಲನ್ನು. ಅದರಲ್ಲಿ ಬೂದು ಕಳೆದು ಕಡಿಮೆ ಅಂದರೂ 0.5 ಬರಬೇಕು, ನನ್ನದು 0.25. "ನಿಮ್ಮ ಕಣಗಳು ಟಿಬಿ ಇಲ್ಲ ಅಂತ ಹೇಳ್ತಿಲ್ಲ, ಏನೂ ಹೇಳ್ತಿಲ್ಲ" ಅಂದರು. ಇತ್ತೀಚೆಗೆ ಜ್ವರ ಬಂದಿತ್ತಾ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದೀರಾ, ಬೇರೆ ಎಲ್ಲಾದರೂ ಬೆನ್ನಿಗೆ ಇಂಜೆಕ್ಷನ್ ಹಾಕಿಸಿಕೊಂಡಿದ್ದೀರಾ ಅಂತ ಒಂದೊಂದಾಗಿ ಕೇಳಿದರು. ಸ್ಟೀರಾಯ್ಡ್ ಇರಲಿಲ್ಲ. ಡೆಂಗ್ಯೂ ಹಾಳೆ ತೋರಿಸಿದೆ. ಬಿಳಿ ಕಣದ ಸಾಲಿನ ಮೇಲೆ ಬೆರಳಿಟ್ಟರು. ಅದರಲ್ಲಿ ಲಿಂಫೋಸೈಟ್ ಎಷ್ಟು ಅಂತ ಲೆಕ್ಕ ಹಾಕಿದರು, ಟಿ ಕಣಗಳು ಅದೇ ಗುಂಪಿಗೆ ಸೇರಿದವು. ಈ ಪರೀಕ್ಷೆ ನಡೆಯುವುದೇ ಆ ಕಣಗಳಿಂದ. ವೈರಸ್ ಜ್ವರದಲ್ಲಿ ಅವು ಕಡಿಮೆಯಾಗಬಹುದು, ಇರುವವೂ ಸುಸ್ತಾಗಿರಬಹುದು. ಡೆಂಗ್ಯೂನಿಂದಲೇ ಹೀಗಾಯಿತು ಅಂತ ಅವರು ಖಡಾಖಂಡಿತವಾಗಿ ಹೇಳಲಿಲ್ಲ. ಟ್ಯೂಬ್ ಸರಿಯಾಗಿ ಅಲ್ಲಾಡಿಸದೆ ಇದ್ದರೂ, ಇಂಕ್ಯುಬೇಟರಿಗೆ ತಡವಾಗಿ ಹೋದರೂ ಹೀಗೆ ಬರಬಹುದಂತೆ. ಕೋವಿಡ್ ಬಂದು ಆಸ್ಪತ್ರೆ ಸೇರಿದವರಲ್ಲೂ ಇಂಥ ರಿಪೋರ್ಟ್ ಜಾಸ್ತಿ ಬರುತ್ತಿತ್ತು ಅಂದರು.

ಇದೇನೂ ಹೊಸ ಸಂಗತಿ ಅಲ್ಲ ಅಂತ ಆಮೇಲೆ ಓದಿದಾಗ ಗೊತ್ತಾಯಿತು. 1908ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ದಡಾರ ಬಂದ ಮಕ್ಕಳಲ್ಲಿ ಟಿಬಿಯ ಚರ್ಮದ ಪರೀಕ್ಷೆ ಕೆಲವು ದಿನ ಪ್ರತಿಕ್ರಿಯೆಯನ್ನೇ ತೋರಿಸುವುದಿಲ್ಲ ಅಂತ ಗಮನಿಸಿದ್ದರು. ಮೊದಲು ಪಾಸಿಟಿವ್ ಇದ್ದ ಮಗುವೂ ದಡಾರದ ಹೊತ್ತಿಗೆ ನೆಗೆಟಿವ್. ದಡಾರದ ಲಸಿಕೆಯಲ್ಲಿ ಇರುವುದೂ ಜೀವಂತ ವೈರಸ್ಸೇ, ದುರ್ಬಲ ಮಾಡಿದ್ದು ಅಷ್ಟೆ. ಹಾಗಾಗಿ ಲಸಿಕೆಗೂ ಅದೇ ಎಚ್ಚರಿಕೆ ಬಂತು. ನನಗೆ ಈ ಎರಡನೇ ಪಾಠ ಕಲಿಯುವುದು ಇನ್ನೂ ಬಾಕಿ ಇತ್ತು.

ಇಂಡಿಟರ್ಮಿನೇಟ್ ಬಂದಾಗ ಮ್ಯಾಂಟೋ ಅನ್ನುವ ಟಿಬಿಯ ಚರ್ಮದ ಪರೀಕ್ಷೆ ಮಾಡಿಸಬಹುದಲ್ಲ ಅಂತ ಕೇಳಿದೆ. ಕೈಗೆ ಚುಚ್ಚುತ್ತಾರೆ, 48ರಿಂದ 72 ಗಂಟೆಯೊಳಗೆ ಊತ ಅಳೆಯುತ್ತಾರೆ, ದುಡ್ಡೂ ಕೆಲವು ನೂರು ರೂಪಾಯಿ ಮಾತ್ರ. ಅವರು ಬೇಡ ಅಂದರು. ಟಿ ಕಣ ಸುಸ್ತಾಗಿದ್ದರೆ ಚರ್ಮದ ಪರೀಕ್ಷೆಯೂ ಸುಳ್ಳು ನೆಗೆಟಿವ್ ತೋರಿಸಬಹುದು. ಇನ್ನೊಂದು ವಿಷಯ, ಮ್ಯಾಂಟೋ ಚುಚ್ಚಿ ಮೂರು ದಿನ ಕಳೆದ ಮೇಲೆ ರಕ್ತ ಕೊಟ್ಟರೆ ಆ ಚುಚ್ಚಿದ ಔಷಧವೇ ರಕ್ತಪರೀಕ್ಷೆಯ ಸಂಖ್ಯೆಯನ್ನು ಏರಿಸಬಹುದು. ಎರಡೂ ಮಾಡಿಸಬೇಕಾದವರು ಮೊದಲು ರಕ್ತ ಕೊಟ್ಟು ಆಮೇಲೆ ಕೈಗೆ ಚುಚ್ಚಿಸಿಕೊಳ್ಳುವುದು ಒಳ್ಳೆಯದು. ಟಿಬಿ ತಡೆಯುವ ಬಿಸಿಜಿ ಲಸಿಕೆ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಹುಟ್ಟಿದಾಗ ಹಾಕಿದ ಬಿಸಿಜಿ ಮ್ಯಾಂಟೋವನ್ನು ಗೊಂದಲ ಮಾಡಬಹುದು. ಟಿಬಿ ಗೋಲ್ಡ್‌ನಲ್ಲಿ ಬಳಸುವ ಪ್ರೋಟೀನು ಬಿಸಿಜಿಯಲ್ಲಿ ಇಲ್ಲ, ಅದಕ್ಕೆ ಆ ತೊಂದರೆ ಇಲ್ಲ. ಪುಣೆಯ ಸೀರಂ ಸಂಸ್ಥೆಯ ಸಿ-ಟಿಬಿ ಅನ್ನುವ ಹೊಸ ಚರ್ಮದ ಪರೀಕ್ಷೆಗೂ ಬಿಸಿಜಿ ಅಡ್ಡ ಬರುವುದಿಲ್ಲ.

ಎದೆ ಎಕ್ಸ್‌ರೇ ಸ್ವಚ್ಛವಾಗಿತ್ತು. ಬಿಳಿ ಕಣ ಸರಿಹೋಗುವವರೆಗೆ ಕಾಯಿರಿ ಅಂದರು. ಕಾಯುವುದು ಬರೆಯಲು ಒಂದು ಪದ. ಆ ದಿನಗಳಲ್ಲಿ ನಾನು ಆಫೀಸಿನ ಕುರ್ಚಿಯ ಹಿಂದೆ ದಿಂಬು ಕಟ್ಟಿಕೊಂಡು ಕೂರುತ್ತಿದ್ದೆ. ಮಗ ಎತ್ತಿಕೋ ಅಂತ ಕೈ ಚಾಚಿದರೆ ಬಗ್ಗಲಾಗದೆ ಅವನನ್ನು ಮಂಚದ ಮೇಲೆ ಹತ್ತಿಸಿ ಅಲ್ಲಿಂದ ಎತ್ತಿಕೊಳ್ಳುತ್ತಿದ್ದೆ. ಔಷಧ ಇದೆ, ದುಡ್ಡು ಹೊಂದಿಸಿಟ್ಟಿದ್ದೇನೆ, ವೈದ್ಯರು ಬರೆದುಕೊಡಲು ತಯಾರಿದ್ದಾರೆ. ಒಂದು ಟ್ಯೂಬ್ ಉತ್ತರ ಕೊಡಲಿಲ್ಲ ಅಂತ ಎಲ್ಲ ನಿಂತಿದೆ. ಸಿಟ್ಟು ಯಾರ ಮೇಲೆ ತೋರಿಸುವುದು? ಸೊಳ್ಳೆ ಮೇಲಾ?

ಈ ಕಾಯುವ ಹೊತ್ತಿನಲ್ಲಿ ಲಸಿಕೆ ಮುಗಿಸೋಣ ಅಂದರು ವೈದ್ಯರು. ಬಯಾಲಾಜಿಕ್ ಶುರುವಾದ ಮೇಲೆ ಜೀವಂತ ವೈರಸ್ ಇರುವ ಲಸಿಕೆ ಹಾಕುವ ಹಾಗಿಲ್ಲ. ಚಿಕನ್‌ಪಾಕ್ಸ್ ಬಂದಿತ್ತಾ ಅಂತ ಕೇಳಿದರು. ನನಗೆ ನೆನಪಿಲ್ಲ. ತರೀಕೆರೆಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. "ನಿಮ್ಮಣ್ಣನಿಗೆ ಅಮ್ಮ ಬಂದಾಗ ನಿನ್ನ ಅಜ್ಜಿ ಮನೆಗೆ ಕಳಿಸಿದ್ವಲ್ಲೋ, ನಿಂಗೆ ಬರ್ಲೇ ಇಲ್ಲ" ಅಂದರು. ಆಮೇಲೆ ದನಿ ತಗ್ಗಿಸಿ, "ಟಿಬಿ ಪರೀಕ್ಷೆ ಅಂತ ಯಾರಿಗೂ ಹೇಳ್ಬೇಡ ಕಣೋ" ಅಂದರು. ಆ್ಯಂಟಿಬಾಡಿ ಪರೀಕ್ಷೆಯಲ್ಲೂ ಚಿಕನ್‌ಪಾಕ್ಸ್ ವಿರುದ್ಧ ರಕ್ಷಣೆ ಇಲ್ಲ ಅಂತ ಬಂತು. ಹಾಗಾಗಿ ಎರಡು ಡೋಸ್, ನಡುವೆ ಕನಿಷ್ಠ ನಾಲ್ಕು ವಾರ, ಕೊನೆಯ ಡೋಸ್ ಆಗಿ ನಾಲ್ಕು ವಾರದ ನಂತರವೇ ಬಯಾಲಾಜಿಕ್. ಇಂಜೆಕ್ಷನ್ ರೂಪದ ಫ್ಲೂ, ನ್ಯುಮೋನಿಯಾ, ಹೆಪಟೈಟಿಸ್ ಬಿ ಲಸಿಕೆಗಳಲ್ಲಿ ಜೀವಂತ ವೈರಸ್ ಇಲ್ಲ, ಅವಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ, ಟಿಬಿ ಪರೀಕ್ಷೆಗೂ ತೊಂದರೆ ಇಲ್ಲ.

ಸೆಪ್ಟೆಂಬರಿನಲ್ಲಿ ಬಿಳಿ ಕಣ ಸರಿಯಾಯಿತು. ವೈದ್ಯರು ಎರಡು ಚೀಟಿ ಕೊಟ್ಟರು. ಟಿಬಿ ಗೋಲ್ಡ್ ಮತ್ತೊಮ್ಮೆ, ಚಿಕನ್‌ಪಾಕ್ಸ್ ಲಸಿಕೆಯ ಮೊದಲ ಡೋಸ್. ಒಂದೇ ದಿನ ಎರಡೂ ಮಾಡಿಸಿ, ಮೊದಲು ರಕ್ತ, ಆಮೇಲೆ ಲಸಿಕೆ ಅಂತ ಹೇಳಿದ್ದರು. ನಿಯಮ ಹೀಗಿದೆ: ಜೀವಂತ ವೈರಸ್ ಲಸಿಕೆ ಹಾಕಿದ ದಿನವೇ ಟಿಬಿ ಪರೀಕ್ಷೆಗೆ ರಕ್ತ ಕೊಡಬಹುದು, ಯಾಕೆಂದರೆ ಲಸಿಕೆ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಆ ದಿನ ತಪ್ಪಿದರೆ ನಾಲ್ಕು ವಾರ ಬಿಡಬೇಕು. ನಡುವಿನ ದಿನಗಳಲ್ಲಿ ಕೊಟ್ಟರೆ ಸುಳ್ಳು ನೆಗೆಟಿವ್ ಬರುವ ಸಾಧ್ಯತೆ ಇರುತ್ತದೆ. ದಡಾರ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಸೇರಿದ್ದು), ಚಿಕನ್‌ಪಾಕ್ಸ್, ಹಳದಿ ಜ್ವರದ ಲಸಿಕೆ ಎಲ್ಲಕ್ಕೂ ಇದೇ ಮಾತು.

ಆ ದಿನ ನಡೆದದ್ದೇ ಬೇರೆ. ಆಸ್ಪತ್ರೆಯಲ್ಲಿ ಟೋಕನ್ ಪದ್ಧತಿ. ಲ್ಯಾಬಿನ ಮುಂದೆ ಜನ ಜಾತ್ರೆ. ಕೌಂಟರಿನವರು ನನ್ನ ಎರಡು ಚೀಟಿ ನೋಡಿ, "ಲ್ಯಾಬ್ ಲೇಟಾಗುತ್ತೆ, ಲಸಿಕೆ ರೂಮ್ ಹನ್ನೆರಡಕ್ಕೆ ಮುಚ್ಚುತ್ತೆ, ಅಲ್ಲಿ ಮುಗಿಸ್ಕೊಂಡು ಬನ್ನಿ" ಅಂತ ಕಳಿಸಿದರು. ಮೊದಲು ರಕ್ತ ಅಂತ ಡಾಕ್ಟರ್ ಹೇಳಿದ್ದಾರೆ ಅಂದೆ. "ಏನೂ ಆಗಲ್ಲ ಸರ್, ಎರಡೂ ಇವತ್ತೇ ತಾನೆ" ಅಂದರು. ಆ ಮಾತು ನಿಜವೂ ಹೌದು. ಲಸಿಕೆಗೆ 2,100 ರೂಪಾಯಿ ಕೊಟ್ಟು ಚುಚ್ಚಿಸಿಕೊಂಡು ಬಂದೆ.

ಲ್ಯಾಬಿನಲ್ಲಿ ನನ್ನ ಸರದಿ ಬಂತು. ರಕ್ತ ತೆಗೆಯುವವರು ಫಾರಂ ತುಂಬುತ್ತ, "ನಾಲ್ಕು ವಾರದಲ್ಲಿ ಲಸಿಕೆ ಹಾಕಿಸಿದ್ದೀರಾ?" ಅಂತ ಕೇಳಿದರು. ಈಗ ತಾನೆ ಅಂದೆ. ಪೆನ್ನು ನಿಂತಿತು. ಫಾರಂ ಪ್ರಕಾರ ತೆಗೆಯುವಂತಿಲ್ಲ ಅಂದರು. ಅದೇ ದಿನ ಆದರೆ ಪರವಾಗಿಲ್ಲವಂತೆ ಅಂತ ನಾನು, ಫಾರಂನಲ್ಲಿ ಹಾಗೆ ಇಲ್ಲ ಅಂತ ಅವರು. ವೈದ್ಯರಿಗೆ ಫೋನ್ ಮಾಡಿದರೆ ಓಪಿಡಿಯಲ್ಲಿ ಇದ್ದರು, ಎತ್ತಲಿಲ್ಲ. ಮೈಕ್ರೋಬಯಾಲಜಿ ವೈದ್ಯರು ಊಟಕ್ಕೆ ಹೋಗಿದ್ದರು. ಕಡೆಗೆ ನನ್ನ ವೈದ್ಯರು ಫೋನ್ ಎತ್ತಿ, ಇವತ್ತೇ ತೆಗೆಯಿರಿ, ಪರವಾಗಿಲ್ಲ ಅಂತ ಹೇಳುವಷ್ಟರಲ್ಲಿ ಆ ದಿನದ ಸ್ಯಾಂಪಲ್ ಗಾಡಿ ಹೊರಟುಹೋಗಿತ್ತು. ಆ ಪರೀಕ್ಷೆ ಅಲ್ಲಿ ಮಾಡುವುದಿಲ್ಲ, ನಗರದ ಇನ್ನೊಂದು ಮೂಲೆಗೆ ಹೋಗುತ್ತದೆ. ರಕ್ತ ತೆಗೆದು 16 ಗಂಟೆಯೊಳಗೆ ಇಂಕ್ಯುಬೇಟರಿಗೆ ಹೋಗಬೇಕು. ನಾಳೆ ಬನ್ನಿ ಅಂದರು. ನಾಳೆ ಅಂದರೆ ಲಸಿಕೆಯ ಮರುದಿನ. ವೈದ್ಯರು ಬೇಡ ಅಂದರು. ಇನ್ನು ನಾಲ್ಕು ವಾರ.

ಲಿಫ್ಟಿನ ಪಕ್ಕದ ಬೆಂಚಿನಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿದೆ. ಬೈದೆ, ಯಾರಿಗೆ ಅಂತ ಗೊತ್ತಿಲ್ಲದೆ ಬೈದೆ. ಅವಳು ಎಲ್ಲ ಕೇಳಿಸಿಕೊಂಡು, "ಎರಡನೇ ಡೋಸ್ ಹೇಗೂ ನಾಲ್ಕು ವಾರಕ್ಕೇ ಅಲ್ವಾ, ಅವತ್ತೇ ರಕ್ತ ಕೊಟ್ಟರಾಯ್ತು" ಅಂದಳು. ನನಗೆ ಹೊಳೆದಿರಲಿಲ್ಲ. ವೈದ್ಯರನ್ನು ಕೇಳಿದರೆ ಅದೇ ಸರಿ ಅಂದರು. ಈ ಸಲ ಅವರ ಕೈಯಲ್ಲೇ ಚೀಟಿಯ ಮೇಲೆ ದಪ್ಪಕ್ಕೆ ಬರೆಸಿಕೊಂಡೆ: ರಕ್ತ ಮೊದಲು, ಲಸಿಕೆ ನಂತರ, ಒಂದೇ ದಿನ. ನೀವೂ ಬರೆಸಿಕೊಳ್ಳಿ. ಬಾಯಿಮಾತು ಕೌಂಟರಿನಲ್ಲಿ ನಡೆಯುವುದಿಲ್ಲ. ಟಿಬಿ ಗೋಲ್ಡ್ ಸ್ಯಾಂಪಲ್ ಎಷ್ಟು ಗಂಟೆಗೆ ಹೊರಡುತ್ತದೆ, ಯಾವ ದಿನ ತೆಗೆದುಕೊಳ್ಳುವುದಿಲ್ಲ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಕೆಲವು ಕಡೆ ಶನಿವಾರ ಮಧ್ಯಾಹ್ನದ ಮೇಲೆ ತೆಗೆದುಕೊಳ್ಳುವುದೇ ಇಲ್ಲ.

ಕೋವಿಡ್ ಲಸಿಕೆಯ ಬಗ್ಗೆ ಈಗಲೂ ಗೊಂದಲ ಇದೆ. ನನ್ನ ಸಹೋದ್ಯೋಗಿಯೊಬ್ಬರು ಅದಕ್ಕೂ ನಾಲ್ಕು ವಾರ ಬಿಡಬೇಕು ಅಂತ ವಾದ ಮಾಡಿದರು. 2021ರ ಶುರುವಿನಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹಾಗೆ ಹೇಳಿದ್ದು ನಿಜ. ಆಗ ಲಸಿಕೆ ಹೊಸದು, ಎಚ್ಚರಿಕೆಗೆ ಹೇಳಿದ್ದು. ಅದೇ ವರ್ಷ ಆ ಮಾತು ತೆಗೆದುಹಾಕಿ, ಯಾವಾಗ ಬೇಕಾದರೂ ಪರೀಕ್ಷೆ ಮಾಡಿಸಬಹುದು ಅಂದರು. ಹಳೆ ಫಾರಂಗಳಲ್ಲಿ ಇನ್ನೂ ಹಳೆ ಮಾತೇ ಉಳಿದುಕೊಂಡಿರಬಹುದು.

ಅಕ್ಟೋಬರಿನಲ್ಲಿ ಬೆಳಗ್ಗೆ ಲ್ಯಾಬ್ ತೆರೆಯುವ ಮುಂಚೆ ಹೋಗಿ ನಿಂತೆ. ರಕ್ತ ಕೊಟ್ಟೆ, ಆಮೇಲೆ ಎರಡನೇ ಡೋಸ್ ಹಾಕಿಸಿಕೊಂಡೆ. ಮತ್ತೆ 2,600, ಮತ್ತೆ 2,100. ಇದ್ಯಾವುದೂ ವಿಮೆಗೆ ಬರಲಿಲ್ಲ, ಓಪಿಡಿ ಖರ್ಚು ಅಂತ. ಆ್ಯಂಟಿಬಾಡಿ ಪರೀಕ್ಷೆ, ಎಕ್ಸ್‌ರೇ, ವೈದ್ಯರ ಫೀಸು, ಓಡಾಟ ಎಲ್ಲ ಸೇರಿಸಿದರೆ ಇಂಜೆಕ್ಷನ್ನಿನ ದುಡ್ಡು ಬಿಟ್ಟೇ 15,000 ದಾಟಿತು.

ರಿಪೋರ್ಟ್ ಬಂದಾಗ ನಾನು ಮೊದಲು ನೋಡಿದ್ದು ನೇರಳೆ ಸಾಲನ್ನೇ. 10ಕ್ಕಿಂತ ಜಾಸ್ತಿ. ಕಣಗಳು ಎದ್ದಿವೆ. ಆಮೇಲೆ ಮೇಲಕ್ಕೆ ಕಣ್ಣು ಹೋಯಿತು. ಹಸಿರು 1.12, ಹಳದಿ 1.36. ಪಾಸಿಟಿವ್.

ಎಷ್ಟೇ ತಿಳಿದುಕೊಂಡಿದ್ದರೂ ಆ ಪದ ನೋಡಿದಾಗ ಎದೆ ಧಸಕ್ಕೆಂದಿತು. ರಾತ್ರಿ ಮಗನ ಪಕ್ಕ ಮಲಗಲು ಹೆದರಿಕೆ. ಹೊರಗಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡೆ. ಹೆಂಡತಿ ಬಂದು ಚಾಪೆ ಸುತ್ತಿಟ್ಟಳು. "ಹರಡಲ್ಲ ಅಂತ ನೀವೇ ಅಲ್ವಾ ನಂಗೆ ಪಾಠ ಮಾಡಿದ್ದು?" ಅಂದಳು. ಹರಡುವುದಿಲ್ಲ, ನಿಜ. ಮಲಗಿರುವ ಸೋಂಕು ಕೆಮ್ಮಿದರೂ ಹರಡುವುದಿಲ್ಲ, ತಟ್ಟೆ ಲೋಟದಿಂದಲೂ ಹರಡುವುದಿಲ್ಲ.

ವೈದ್ಯರು ಹೊಸದಾಗಿ ಎಕ್ಸ್‌ರೇ ತೆಗೆಸಿದರು. ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಇದೆಯಾ ಅಂತ ಕೇಳಿದರು. ತೂಕ ಇಳಿದಿದೆಯಾ ಅಂದಾಗ ತಬ್ಬಿಬ್ಬಾದೆ, ಡೆಂಗ್ಯೂನಲ್ಲಿ ಚೆನ್ನಾಗಿಯೇ ಇಳಿದಿತ್ತು. ಹಳೆ ಫೈಲಿನ ತೂಕ, ಡೆಂಗ್ಯೂ ಆದ ಮೇಲಿನ ತೂಕ, ಈಗಿನ ತೂಕ ಮೂರನ್ನೂ ಹಿಡಿದು ನೋಡಿದರು. ಮತ್ತೆ ಏರಿತ್ತು. ಎಕ್ಸ್‌ರೇಯೂ ಸ್ವಚ್ಛ. ಟಿಬಿ ಕಾಯಿಲೆ ಇಲ್ಲ, ಸೋಂಕು ಇದೆ. ದೊಡ್ಡಪ್ಪನ ವಿಷಯ ಬರೆದದ್ದನ್ನು ಮತ್ತೆ ಓದಿದರು. ಅಲ್ಲಿಂದಲೇ ಬಂದಿರಬೇಕು ಅಂತ ಹೇಳಲು ಆಗುವುದಿಲ್ಲ, ಬೆಂಗಳೂರಿನ ಯಾವ ಬಸ್ಸಿನಲ್ಲಿ ಬೇಕಾದರೂ ಬಂದಿರಬಹುದು ಅಂದರು.

ತಡೆಗಟ್ಟುವ ಚಿಕಿತ್ಸೆಗೆ ಎರಡು ದಾರಿ ಹೇಳಿದರು. ಐಸೋನಿಯಜಿಡ್ ದಿನಾ ಆರು ತಿಂಗಳು, ಅಥವಾ ಐಸೋನಿಯಜಿಡ್ ಮತ್ತು ರಿಫಾಪೆಂಟಿನ್ ವಾರಕ್ಕೊಮ್ಮೆ 12 ವಾರ. ನನಗೆ ವಾರದ್ದು. ಲಿವರ್ ಪರೀಕ್ಷೆ ಮಾಡಿಸಿ, ಜೊತೆಗೆ ವಿಟಮಿನ್ ಬಿ6 ಮಾತ್ರೆ ಕೊಟ್ಟು ಶುರು ಮಾಡಿದರು. ರಿಫಾಪೆಂಟಿನ್ ಬೇರೆ ಹಲವು ಮಾತ್ರೆಗಳ ಶಕ್ತಿ ಕಡಿಮೆ ಮಾಡುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಇದನ್ನು ವೈದ್ಯರಿಗೆ ಹೇಳಲೇಬೇಕು. ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಹೇಳಿದ್ದರೂ ಮೊದಲ ಸಲ ನೋಡಿದಾಗ ಗಾಬರಿಯಾಯಿತು.

ಈ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ನಾನು ಚೀಟಿ ಹಿಡಿದು ಹೋದಾಗ ಅಲ್ಲಿನ ಸಿಬ್ಬಂದಿ, "ಮನೇಲಿ ಯಾರಿಗೆ ಟಿಬಿ?" ಅಂತ ಕೇಳಿದರು. ಯಾರಿಗೂ ಇಲ್ಲ ಅಂದೆ. ಹಾಗಾದರೆ ನಿಮಗೆ ಹೇಗೆ ಕೊಡುವುದು ಅಂತ ಅವರ ಗೊಂದಲ. ಅವರ ರಿಜಿಸ್ಟರಿನಲ್ಲಿ ಟಿಬಿ ರೋಗಿಯ ಮನೆಯವರೇ ಜಾಸ್ತಿ ಇರುತ್ತಾರೆ. ಟಿಎನ್‌ಎಫ್ ತಡೆಯುವ ಔಷಧ ತೆಗೆದುಕೊಳ್ಳುವವರೂ ರಾಷ್ಟ್ರೀಯ ಕಾರ್ಯಕ್ರಮದ 2021ರ ಮಾರ್ಗಸೂಚಿಯಲ್ಲಿ ಇದ್ದಾರೆ. ವೈದ್ಯರ ಪತ್ರದಲ್ಲಿ ಆ ಕಾರಣ ಸ್ಪಷ್ಟವಾಗಿ ಬರೆದಿರಬೇಕು. ನನ್ನದರಲ್ಲಿ ಬರೀ ಮಾತ್ರೆಯ ಹೆಸರು ಇತ್ತು. ಮತ್ತೆ ಬರೆಸಿಕೊಂಡು ಹೋದ ಮೇಲೆ ಸರ್ಕಾರದ ಟಿಬಿ ಆನ್‌ಲೈನ್ ದಾಖಲೆಯಾದ ನಿಕ್ಷಯ್‌ನಲ್ಲಿ ಹೆಸರು ನೋಂದಾಯಿಸಿ ಕೊಟ್ಟರು. ಆಧಾರ್, ರಿಪೋರ್ಟ್, ಎಕ್ಸ್‌ರೇ ಎಲ್ಲದರ ನಕಲು ಕೇಳಿದರು. ಅಲ್ಲಿನ ಆರೋಗ್ಯ ಕಾರ್ಯಕರ್ತೆ ಮಾತ್ರ ತುಂಬಾ ಒಳ್ಳೆಯವರು. ಪ್ರತಿ ಭಾನುವಾರ ಸಂಜೆ, "ಮಾತ್ರೆ ಆಯ್ತಾ ಅಣ್ಣಾ?" ಅಂತ ಫೋನ್ ಮಾಡುತ್ತಿದ್ದರು.

ಪಾಸಿಟಿವ್ ಬಂದರೆ ಇಂಜೆಕ್ಷನ್ ಪೂರ್ತಿ 12 ವಾರ ಮುಂದೆ ಹೋಗುತ್ತದೆ ಅಂತ ನಾನು ಕುಸಿದು ಕೂತಿದ್ದೆ. ಹಾಗಲ್ಲ. ತಡೆಗಟ್ಟುವ ಮಾತ್ರೆ ಒಂದು ತಿಂಗಳು ತೆಗೆದುಕೊಂಡ ಮೇಲೆ ಬಯಾಲಾಜಿಕ್ ಶುರು ಮಾಡಬಹುದು. ಚಿಕನ್‌ಪಾಕ್ಸ್ ಎರಡನೇ ಡೋಸಿನ ನಾಲ್ಕು ವಾರವೂ ಅದರೊಳಗೇ ಸೇರಿಹೋಯಿತು. ನವೆಂಬರ್ ಕೊನೆಯಲ್ಲಿ ಹೊಟ್ಟೆಯ ಚರ್ಮಕ್ಕೆ ಮೊದಲ ಅಡಾಲಿಮ್ಯುಮ್ಯಾಬ್ ಬಿತ್ತು. ಹೊಸ ವರ್ಷದ ಹೊತ್ತಿಗೆ ಬೆಳಗಿನ ಬಿಗಿತ ಅರ್ಧಕ್ಕರ್ಧ ಇಳಿದಿತ್ತು. ಈಗ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತೇನೆ.

ಮಾತ್ರೆ ಮುಗಿಯಿತಲ್ಲ, ನೆಗೆಟಿವ್ ಆಯಿತಾ ಅಂತ ನೋಡಲು ಮತ್ತೊಮ್ಮೆ ಟಿಬಿ ಗೋಲ್ಡ್ ಮಾಡಿಸಲಾ ಅಂತ ಕೇಳಿದೆ. ವೈದ್ಯರು ನಕ್ಕರು. ಚಿಕಿತ್ಸೆ ಆದ ಮೇಲೂ ಅದು ಪಾಸಿಟಿವ್ ಆಗಿಯೇ ಉಳಿಯಬಹುದು, ವಾಸಿ ಆಯಿತಾ ಅಂತ ಅಳೆಯುವ ಪರೀಕ್ಷೆ ಅದಲ್ಲ. ಮುಂದೆ ಯಾವ ಆಸ್ಪತ್ರೆಯಲ್ಲಿ ಕೇಳಿದರೂ ಪಾಸಿಟಿವ್ ರಿಪೋರ್ಟ್, ಎಕ್ಸ್‌ರೇ, 12 ವಾರದ ಕಾರ್ಡ್ ಮೂರನ್ನೂ ತೋರಿಸಿ, ಮತ್ತೆ ರಕ್ತ ಕೊಡಬೇಡಿ ಅಂದರು. ಎರಡು ವಾರ ದಾಟಿ ಕೆಮ್ಮು ಇದ್ದರೆ, ಜ್ವರ ಬಿಡದೆ ಇದ್ದರೆ, ತೂಕ ಇಳಿದರೆ ಸೀದಾ ಕಫ ಪರೀಕ್ಷೆ ಮತ್ತು ಎಕ್ಸ್‌ರೇ. ಮೂರನ್ನೂ ಸ್ಕ್ಯಾನ್ ಮಾಡಿ ಫೋನಿನಲ್ಲಿ ಹಾಕಿಟ್ಟಿದ್ದೇನೆ. ಒಂದು ನಕಲು ತರೀಕೆರೆಯಲ್ಲಿ ಅಮ್ಮನ ಹತ್ತಿರವೂ ಇದೆ, ಬೀರುವಿನಲ್ಲಿ, ಸೀರೆಯ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ.